ಮುಖಪುಟ ಹೋದ ಹಳೇ ಸ್ಮರಣ ಸಂಚಿಕೆ ಸಿಕ್ಕಿದೆ. ಯಾವ ವರ್ಷದ್ದು ಅಂತ ಹೇಳ್ತೀರಾ?

ಅಟ್ಟದ ಇಲಿ
ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರ ನಮ್ಮದೊಂದು ಹಳೇ ಹಂಚಿನ ಮನೆ ಉಂಟು. ಮಳೆಗಾಲಕ್ಕೆ ಮೊದಲು ಮಾಡು ರಿಪೇರಿ ಆಗಬೇಕು. ಹಂಚು ಇಳಿಸುವ ಮುಂಚೆ ಅಟ್ಟ ಖಾಲಿ ಮಾಡಲು ನಿನ್ನೆ ಹತ್ತಿದೆ. ಒಡೆದ ಭರಣಿ, ಕಾಲಿಲ್ಲದ ಮಣೆ, ತುಕ್ಕು ಹಿಡಿದ ಒಂದು ಟ್ರಂಕು. ಟ್ರಂಕಿನಲ್ಲಿ ಅಜ್ಜನ ಶಾಲು, ಒಂದು ಕಟ್ಟು ಪಂಚಾಂಗ, ಅದರಡಿಯಲ್ಲಿ ಈ ಪುಸ್ತಕ.

ಯಾವುದೋ ಕಲೋತ್ಸವದ ಸ್ಮರಣ ಸಂಚಿಕೆ. ಮುಖಪುಟದ ಮುಕ್ಕಾಲು ಭಾಗ ಗೆದ್ದಲಿನ ಪಾಲಾಗಿದೆ. ಉಳಿದದ್ದು "ಲೋತ್ಸವ" ಎಂಬ ಮೂರೂವರೆ ಅಕ್ಷರ ಮತ್ತು ಕೆಳಗೆ "ಬೆಲೆ ರೂ. 2-00". ಒಳಗೆ 72 ಪುಟ ಇವೆ. ಪಿನ್ ಹೊಡೆದ ಜಾಗದಲ್ಲಿ ತುಕ್ಕು ಇಳಿದು ನಾಲ್ಕೈದು ಪುಟ ಕಂದು ಬಣ್ಣವಾಗಿವೆ. ಇಸವಿ ಎಲ್ಲೂ ಇಲ್ಲ. ಒಂದು ಹಂಚಿನ ಕಾರ್ಖಾನೆಯ ಜಾಹೀರಾತಿನಲ್ಲಿ "ಮೈಸೂರು ರಾಜ್ಯ" ಎಂದಿದೆ. ಹಾಗಾಗಿ 60ರ ದಶಕದ್ದು ಎಂದು ನನ್ನ ಅಂದಾಜು. ಸರಿಯಾ?

ಅಜ್ಜ ಶಾಲೆ ಮಾಸ್ಟ್ರು. ಆಟದ (ಯಕ್ಷಗಾನದ) ಹುಚ್ಚು ಇತ್ತು. ಮೂರು ಪುಟಗಳ ಅಂಚಿನಲ್ಲಿ ಪೆನ್ಸಿಲಿನಲ್ಲಿ ಏನೇನೋ ಗೀಚಿದ್ದಾರೆ. ಅದು ಇನ್ನೂ ಪೂರ್ತಿ ಓದಲಿಕ್ಕೆ ಆಗಿಲ್ಲ.

ರಥಬೀದಿ ಹುಡುಗಿ
ಅಯ್ಯೋ ಎಷ್ಟು ಚಂದ ಉಂಟು! ಫೋಟೋದಲ್ಲಿ ಕಾಣುವ ಅಕ್ಷರ ನೋಡಿದರೆ 60ರದ್ದೇ ಅನ್ನಿಸುತ್ತದೆ. ಪಂಚಾಂಗ ಯಾವ ವರ್ಷದ್ದು? ಜೊತೆಯಲ್ಲೇ ಇತ್ತಲ್ವಾ?

ಅಟ್ಟದ ಇಲಿ
ಪಂಚಾಂಗ ಹದಿನೈದು ವರ್ಷದ್ದು ಒಟ್ಟಿಗೆ ಇವೆ. ಅಜ್ಜ ಏನನ್ನೂ ಬಿಸಾಡಿದವರಲ್ಲ. ಅದರಿಂದ ಉಪಯೋಗ ಇಲ್ಲ.

ಹಳೇ ಪಾಸ್‌ಬುಕ್
ಬ್ಯಾಂಕಿನ ಜಾಹೀರಾತುಗಳು ಇರಲೇಬೇಕು. ನಮ್ಮ ಜಿಲ್ಲೆಯಲ್ಲಿ ಬ್ಯಾಂಕಿನ ಜಾಹೀರಾತು ಇಲ್ಲದೆ ಸ್ಮರಣ ಸಂಚಿಕೆ ಬಂದದ್ದುಂಟಾ ಮಾರಾಯ್ರೆ? ಯಾವ ಬ್ಯಾಂಕು, ಹೆಸರು ಹೇಗೆ ಅಚ್ಚಾಗಿದೆ, ಅಕ್ಷರ ಬಿಡದೆ ಹಾಗೇ ಬರೆದು ಹಾಕಿ. "ಲಿಮಿಟೆಡ್" ಉಂಟಾ ಇಲ್ವಾ ಅದೂ ಹೇಳಿ. ಮೂವತ್ತನಾಲ್ಕು ವರ್ಷ ಕೌಂಟರಿನ ಹಿಂದೆ ಕೂತವನು ನಾನು, ಅಷ್ಟು ಸಾಕು.

ಅಟ್ಟದ ಇಲಿ
ಐದು ಬ್ಯಾಂಕು ಇವೆ. ಕೆನರಾ ಬ್ಯಾಂಕ್. ಸಿಂಡಿಕೇಟ್ ಬ್ಯಾಂಕ್ (ಪಿಗ್ಮಿ ಠೇವಣಿಯ ಚಿತ್ರ ಉಂಟು, ಒಬ್ಬ ಚೀಲ ಹಿಡಿದು ಮನೆ ಬಾಗಿಲಲ್ಲಿ ನಿಂತಿದ್ದಾನೆ). ವಿಜಯಾ ಬ್ಯಾಂಕ್ ಲಿಮಿಟೆಡ್. ಕರ್ಣಾಟಕ ಬ್ಯಾಂಕ್ ಲಿಮಿಟೆಡ್. ಹಿಂಬದಿಯ ಒಳಪುಟದಲ್ಲಿ ಕಾರ್ಪೊರೇಶನ್ ಬ್ಯಾಂಕ್ ಲಿಮಿಟೆಡ್.

ಹಳೇ ಪಾಸ್‌ಬುಕ್
ಹಾಗಾದರೆ 60ರ ದಶಕ ಬಿಟ್ಟುಬಿಡಿ.

ಕಾರ್ಪೊರೇಶನ್ ಬ್ಯಾಂಕ್ ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ್ದು. ಹಾಜಿ ಅಬ್ದುಲ್ಲಾ ಸಾಹೇಬರು ಶುರು ಮಾಡಿದ್ದು. ಆದರೆ ಅದರ ಹೆಸರು ಆಗ ಇದಲ್ಲ, ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್. ಕಾರ್ಪೊರೇಶನ್ ಬ್ಯಾಂಕ್ ಎಂದು ಆದದ್ದು 1972ರಲ್ಲಿ. 1980ರ ಏಪ್ರಿಲ್ 15ಕ್ಕೆ ರಾಷ್ಟ್ರೀಕರಣ ಆಯಿತು, ಆ ಮೇಲೆ "ಲಿಮಿಟೆಡ್" ಇಲ್ಲ. ವಿಜಯಾ ಬ್ಯಾಂಕ್ ಕೂಡ ಅದೇ ದಿನ ಸರಕಾರದ್ದಾಯಿತು. ಕೆನರಾ, ಸಿಂಡಿಕೇಟ್ 1969ರ ಜುಲೈಯಲ್ಲೇ ಆಗಿದ್ದವು, ಅದಕ್ಕೆ ಅವೆರಡಕ್ಕೆ ಲಿಮಿಟೆಡ್ ಇಲ್ಲ. ಕರ್ಣಾಟಕ ಬ್ಯಾಂಕ್ ಇವತ್ತಿಗೂ ಖಾಸಗಿ.

ಅಂದರೆ ನಿಮ್ಮ ಪುಸ್ತಕ 1972ರಿಂದ 1980ರ ಏಪ್ರಿಲ್ ಒಳಗಿನದ್ದು.

ಸುಮ್ನೆ ಒಂದು ಮಾತು. ಆ ಐದರಲ್ಲಿ ಈಗ ತಮ್ಮ ಹೆಸರಲ್ಲಿ ಉಳಿದದ್ದು ಎರಡೇ. ವಿಜಯಾ 2019ರಲ್ಲಿ ಬರೋಡಕ್ಕೆ ಹೋಯಿತು. ಮರುವರ್ಷ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ. ಪಿಗ್ಮಿಯ ಚಿತ್ರದ ಫೋಟೋ ಒಂದು ದೊಡ್ಡದಾಗಿ ಹಾಕಿ ದಯವಿಟ್ಟು. 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರುವಾದದ್ದು ಅದು.

ಅಟ್ಟದ ಇಲಿ
ಅಬ್ಬಾ! ಆದರೆ "ಮೈಸೂರು ರಾಜ್ಯ"? ಅದು ಕರ್ನಾಟಕ ಆದದ್ದು 1973 ನವೆಂಬರ್ 1ಕ್ಕೆ. ಹಾಗಾದರೆ 72-73 ಅಂತ ಹಿಡಿಯಬಹುದಾ?

ಮೊಳೆ ಜೋಡಿಸಿದವ
ಹಿಡಿಯಬೇಡಿ. ಇಲ್ಲೇ ಎಲ್ಲರೂ ಜಾರಿ ಬೀಳುವುದು.

ನಾನು ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ ಕಂಪೋಸಿಟರ್ ಆಗಿದ್ದೆ. ಸ್ಮರಣ ಸಂಚಿಕೆ ಅಂದರೆ ನಮಗೆ ಹಬ್ಬ, ಶಿಕ್ಷೆ ಎರಡೂ. ಜಾಹೀರಾತು ಎರಡು ತರ ಬರುತ್ತಿತ್ತು. ಚಿಕ್ಕ ಅಂಗಡಿಯವರು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು, ನಾವು ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸುತ್ತಿದ್ದೆವು. ದೊಡ್ಡವರು, ಅಂದರೆ ಹಂಚಿನ ಕಾರ್ಖಾನೆ, ಬೀಡಿ ಕಂಪನಿ, ಬ್ಯಾಂಕು, ಅವರು ಬ್ಲಾಕ್ ಕಳಿಸುತ್ತಿದ್ದರು. ಸತುವಿನ ತಗಡಿಗೆ ಕೆಳಗೆ ಮರದ ತುಂಡು ಹೊಡೆದದ್ದು. ಒಮ್ಮೆ ಮಾಡಿಸಿದ ಬ್ಲಾಕ್ ಹತ್ತು ವರ್ಷ ಊರೂರು ತಿರುಗುತ್ತಿತ್ತು. ಜಾತ್ರೆ, ಶಾಲೆ ವಾರ್ಷಿಕೋತ್ಸವ, ಬ್ರಹ್ಮಕಲಶ, ಎಲ್ಲದಕ್ಕೂ ಅದೇ ಬ್ಲಾಕ್. ರಾಜ್ಯದ ಹೆಸರು ಬದಲಾಯಿತು ಅಂತ ಯಾರೂ ಹೊಸ ಬ್ಲಾಕಿಗೆ ದುಡ್ಡು ಹಾಕುವುದಿಲ್ಲ.

ಹಾಗಾಗಿ ಹಳೇ ಸುಳಿವಿಗೆ ಬೆಲೆ ಇಲ್ಲ. ಪುಸ್ತಕದಲ್ಲಿ ಇರುವ ಎಲ್ಲಕ್ಕಿಂತ ಹೊಸ ಸುಳಿವು ಯಾವುದು ಅದನ್ನು ಹುಡುಕಿ. ಅದರಿಂದ ಹಿಂದಕ್ಕೆ ಪುಸ್ತಕ ಹೋಗುವುದಿಲ್ಲ. ಹಂಚಿನ ಜಾಹೀರಾತಿನ ಅಕ್ಷರದ ಅಂಚು ನೋಡಿ, ಸವೆದು ಮೊಂಡಾಗಿದೆಯಾ? ಕಾರ್ಖಾನೆಯ ಚಿತ್ರದ ಕಪ್ಪು ಭಾಗದಲ್ಲಿ ಬಿಳಿ ಚುಕ್ಕೆ ಉಂಟಾ? ಇದ್ದರೆ ಹಳೇ ಬ್ಲಾಕ್.

ಅಟ್ಟದ ಇಲಿ
ಲೆನ್ಸ್ ಹಿಡಿದು ನೋಡಿದೆ. ಹೊಗೆ ಕೊಳವೆಯ ಒಂದು ಬದಿಯೇ ಇಲ್ಲ! ಅಕ್ಷರಗಳೂ ದಪ್ಪ ದಪ್ಪ ಆಗಿವೆ. ಪಕ್ಕದ ಪುಟದ ಜವಳಿ ಅಂಗಡಿಯದ್ದು ಮಾತ್ರ ಚೂಪಾಗಿ ಬಂದಿದೆ.

ತಂತಿ ಮಾಸ್ಟ್ರು
ಆ ಜವಳಿ ಅಂಗಡಿಯ ವಿಳಾಸದಲ್ಲಿ ಆರಂಕಿಯ ಪಿನ್ ಉಂಟಾ? ಪಿನ್ ಕೋಡ್ ಬಂದದ್ದು 1972 ಆಗಸ್ಟ್ 15ಕ್ಕೆ. ಜನರ ಬಾಯಿಗೆ ಹತ್ತಲು ಅದಕ್ಕಿಂತ ಜಾಸ್ತಿ ಸಮಯ ಬೇಕಾಯಿತು. ನಾನು ಅಂಚೆ ಇಲಾಖೆಯಲ್ಲಿದ್ದೆ. ಲಕೋಟೆ ಮೇಲೆ ಪಿನ್ ಬರೆಸುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಯಿತು.

ಅಟ್ಟದ ಇಲಿ
ಉಂಟು, ಆ ಒಂದರಲ್ಲಿ ಮಾತ್ರ. ಉಳಿದ ಎಲ್ಲದರಲ್ಲೂ ಫೋನ್ ನಂಬ್ರ ಮೂರಂಕಿ ನಾಲ್ಕಂಕಿ, ಕೆಳಗೆ "ತಂತಿ:" ಎಂದು ಒಂದು ಪದ. ಇದೆಂತದು?

ತಂತಿ ಮಾಸ್ಟ್ರು
ಟೆಲಿಗ್ರಾಂ ವಿಳಾಸ. ಟೆಲಿಗ್ರಾಮಿನಲ್ಲಿ ಪದ ಲೆಕ್ಕ ಮಾಡಿ ದುಡ್ಡು, ವಿಳಾಸದ ಪದಗಳಿಗೂ ದುಡ್ಡು. ಅದಕ್ಕೆ ವ್ಯಾಪಾರಿಗಳು ಒಂದೇ ಪದದ ವಿಳಾಸ ನೋಂದಾಯಿಸಿ ಇಟ್ಟುಕೊಳ್ಳುತ್ತಿದ್ದರು. 2013ರ ಜುಲೈಯಲ್ಲಿ ಟೆಲಿಗ್ರಾಮೇ ನಿಂತುಹೋಯಿತು. ಇರಲಿ. ಕಾರ್ಯಕ್ರಮದ ಪುಟ ಹಾಕಿ. ವಾರ, ತಾರೀಕು ಇರಬೇಕಲ್ಲ.

ಅಟ್ಟದ ಇಲಿ
ಮೂರು ದಿನದ ಕಾರ್ಯಕ್ರಮ. ತಿಂಗಳು ಇರುವ ಮೇಲಿನ ಸಾಲು ಗೆದ್ದಲಿಗೆ ಹೋಗಿದೆ. ಎರಡನೇ ದಿನದ್ದು ಹೀಗೆ:

"ತಾ. 26ನೇ ಶನಿವಾರ. ಬೆಳಗ್ಗೆ 8-00: ಧ್ವಜಾರೋಹಣ. 9-30: ವಿಚಾರಗೋಷ್ಠಿ. ಮಧ್ಯಾಹ್ನ 3-00: ತಾಳಮದ್ದಳೆ. ಸಂಜೆ 6-00: ಕೊರಗರ ಡೋಲು, ಕೊಳಲು. 7-00: ಯಕ್ಷಗಾನ ಕೇಂದ್ರದ ವಿದ್ಯಾರ್ಥಿಗಳಿಂದ ಪ್ರದರ್ಶನ. ರಾತ್ರಿ 9-30ರಿಂದ ಬೆಳಗಿನ ವರೆಗೆ: ಜೋಡಾಟ."

ತಂತಿ ಮಾಸ್ಟ್ರು
26ಕ್ಕೆ ಧ್ವಜಾರೋಹಣ ಅಂದ ಮೇಲೆ ಜನವರಿ ಅಲ್ಲದೆ ಮತ್ತೇನು? ಜನವರಿ 26 ಶನಿವಾರ ಬಿದ್ದದ್ದು 1974ರಲ್ಲಿ, ಮತ್ತೆ 1980ರಲ್ಲಿ. ಪಾಸ್‌ಬುಕ್ ಅಣ್ಣ ಹೇಳಿದ ಅವಧಿಯೊಳಗೆ ಈ ಎರಡೇ.

ಚೌಕಿ ಬಾಗಿಲು
ಉಡುಪಿಯ ಯಕ್ಷಗಾನ ಕೇಂದ್ರ ಶುರುವಾದದ್ದು 1971ರಲ್ಲಿ, ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ. ಶಿವರಾಮ ಕಾರಂತರು, ಕು. ಶಿ. ಹರಿದಾಸ ಭಟ್ಟರು ಕಟ್ಟಿದ್ದು. ಹಾಗಾಗಿ 74 ಆದರೂ ಕೂಡುತ್ತದೆ, 80 ಆದರೂ ಕೂಡುತ್ತದೆ. ಇದರಿಂದ ಇತ್ಯರ್ಥ ಆಗಲಿಕ್ಕಿಲ್ಲ.

ಹಳೇ ಪಾಸ್‌ಬುಕ್
1980 ಜನವರಿಯಲ್ಲೂ ಲಿಮಿಟೆಡ್ ಇತ್ತು. ಮೂರು ತಿಂಗಳಲ್ಲಿ ತಪ್ಪಿತು ನೋಡಿ.

ರಥಬೀದಿ ಹುಡುಗಿ
ಮೊದಲ ಪುಟಗಳಲ್ಲಿ ಸ್ವಾಮೀಜಿಗಳ ಅನುಗ್ರಹ ಸಂದೇಶ ಉಂಟಾ? ಉಡುಪಿಯ ಪುಸ್ತಕ ಅಲ್ವಾ, ಇರಲೇಬೇಕು. ಯಾವ ಮಠ?

ಅಟ್ಟದ ಇಲಿ
ಉಂಟು. ಪುಟ 5. ಹೆಸರು, ಸಹಿ ಇದ್ದ ಕೆಳಗಿನ ಭಾಗ ಹರಿದಿದೆ. ಮೇಲೆ "ಉಡುಪಿ ಭಾವೀ ಪರ್ಯಾಯ ಶ್ರೀ ಕೃಷ್ಣಾಪುರ ಮಠ" ಎಂದಿದೆ.

ರಥಬೀದಿ ಹುಡುಗಿ
ಸಿಕ್ಕಿತು!! 1974!

ಘಟ್ಟದ ಮೇಲಿನವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಷ್ಟಮಠಗಳು ಎರಡೆರಡು ವರ್ಷದಂತೆ ಕೃಷ್ಣನ ಪೂಜೆಯ ಪಾಳಿ ವಹಿಸಿಕೊಳ್ಳುತ್ತವೆ, ಅದೇ ಪರ್ಯಾಯ. ಮುಂದಿನ ಸರದಿಯವರು ಭಾವೀ ಪರ್ಯಾಯ. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ. ಒಂದು ಮಠಕ್ಕೆ ಮತ್ತೆ ಸರದಿ ಬರಲಿಕ್ಕೆ 16 ವರ್ಷ. ಕೃಷ್ಣಾಪುರದ ಪರ್ಯಾಯ 2022ರಲ್ಲಿ ಆಯಿತು. ಹಿಂದಕ್ಕೆ ಎಣಿಸಿ: 2006, 1990, 1974. 1980ರಲ್ಲಿ ಸೋದೆ ಮಠದ್ದು. 80 ಆಗಿದ್ದರೆ ಈ ಪುಟದಲ್ಲಿ ಕೃಷ್ಣಾಪುರ ಬರುವ ಹಾಗೇ ಇಲ್ಲ.

ನಮ್ಮ ಅಜ್ಜಿ ಮನೆಯವರ ವಯಸ್ಸನ್ನೆಲ್ಲ ಲೆಕ್ಕ ಹಾಕುವುದೇ ಹೀಗೆ. "ನಿನ್ನ ಮಾವ ಹುಟ್ಟಿದ್ದು ಅದಮಾರು ಪರ್ಯಾಯದ ಎರಡನೇ ವರ್ಷ" ಅಂತ. ಇಸವಿ ಕೇಳಿದರೆ ಸಿಟ್ಟು ಬರುತ್ತದೆ.

ತಂತಿ ಮಾಸ್ಟ್ರು
ಒಂದು ಸಂಶಯ. ಪರ್ಯಾಯ ಆಗುವುದು ಜನವರಿ 18ಕ್ಕೆ. ಉತ್ಸವ 26ಕ್ಕೆ. ಆ ಹೊತ್ತಿಗೆ ಅವರು ಪರ್ಯಾಯ ಪೀಠದಲ್ಲೇ ಇದ್ದರಲ್ಲ. "ಭಾವೀ" ಯಾಕೆ?

ಮೊಳೆ ಜೋಡಿಸಿದವ
ಒಳ್ಳೇ ಪ್ರಶ್ನೆ. ಉತ್ತರ ಪ್ರೆಸ್ಸಿನಲ್ಲಿದೆ.

ಮೊಳೆಯ ಕಾಲದಲ್ಲಿ ಪುಸ್ತಕ ಒಟ್ಟಿಗೆ ಅಚ್ಚಾಗುತ್ತಿರಲಿಲ್ಲ. ಒಂದೊಂದೇ ಫಾರ್ಮು. ನಾಲ್ಕು ಪುಟವೋ ಎಂಟು ಪುಟವೋ ಜೋಡಿಸಬೇಕು, ಪ್ರೂಫ್ ತಿದ್ದಬೇಕು, ಅಷ್ಟೂ ಪ್ರತಿಗೆ ಅಚ್ಚು ಹಾಕಬೇಕು. ಆಮೇಲೆ ಮೊಳೆ ಬಿಚ್ಚಿ ಮತ್ತೆ ಕೇಸಿನ ಗೂಡುಗಳಿಗೆ ತುಂಬಬೇಕು. ಮುಂದಿನ ಫಾರ್ಮಿಗೆ ಅದೇ ಮೊಳೆ ಬೇಕಲ್ಲ. ಸಂದೇಶಗಳ ಪುಟ ಮೊದಲ ಫಾರ್ಮು. ಅದು ಡಿಸೆಂಬರಿನಲ್ಲೋ ಜನವರಿ ಮೊದಲ ವಾರದಲ್ಲೋ ಅಚ್ಚಾಗಿ ಗೋಡೆ ಬದಿಗೆ ಕೂತಿರುತ್ತದೆ. ಆಗ ಅವರು ಭಾವೀ ಪರ್ಯಾಯವೇ. ತಪ್ಪಲ್ಲ ಅದು.

ಸಮಿತಿಯ ಪಟ್ಟಿ ಬಂತು ಅಂದರೆ ನಮಗೆ ಜ್ವರ. ಎಲ್ಲ ಹೆಸರಿನ ಹಿಂದೆಯೂ "ಶ್ರೀ". ನಮ್ಮ ಕೇಸಿನಲ್ಲಿ "ಶ್ರೀ" ಮೊಳೆ ಇದ್ದದ್ದೇ ಅರುವತ್ತೋ ಎಪ್ಪತ್ತೋ. ಮುಗಿದರೆ ದೊಡ್ಡ ಸೈಜಿನದ್ದೋ ಬೇರೆ ಮುಖದ್ದೋ ತಂದು ತುರುಕುತ್ತಿದ್ದೆವು. ನಿಮ್ಮ ಪುಸ್ತಕದಲ್ಲಿ ಸಮಿತಿಯ ಪುಟ ತೆಗೆದು ನೋಡಿ. ಅರ್ಧದ ನಂತರ ಶ್ರೀಗಳ ಆಕಾರ ಬದಲಾಗಿರುತ್ತದೆ.

ಅಟ್ಟದ ಇಲಿ
ಪುಟ 9, ಮೂರನೇ ಸಾಲಿನಿಂದ ಶ್ರೀಗಳು ಬೇರೆಯೇ! ಕೊನೆಯ ನಾಲ್ಕು ಹೆಸರಿಗೆ ಶ್ರೀಯೇ ಇಲ್ಲ. ಇಷ್ಟು ದಿನ ಅವರು ಏನೋ ಕಡಿಮೆಯವರು ಎಂದುಕೊಂಡಿದ್ದೆ.

ಮೊಳೆ ಜೋಡಿಸಿದವ
ಅವರೂ ಹಾಗೇ ಅಂದುಕೊಂಡು ಪ್ರೆಸ್ಸಿಗೆ ಬಂದು ಜಗಳ ಆಡಿರುತ್ತಾರೆ. ಖಂಡಿತ.

ಇನ್ನೊಂದು ಬಾಕಿ. ಬಿಡುಗಡೆಗೆ ಪುಸ್ತಕ ತಯಾರಾದ ಚರಿತ್ರೆಯೇ ಇಲ್ಲ. ಹತ್ತು ಪ್ರತಿ ಅಂಟು ಹಸಿ ಇರುವಾಗಲೇ ಜರಿ ಕಾಗದದಲ್ಲಿ ಸುತ್ತಿ ವೇದಿಕೆಗೆ ಹೋಗುತ್ತಿತ್ತು. ಉಳಿದದ್ದು ಮರುದಿನವೋ ಮರುವಾರವೋ. ನಿಮ್ಮ ಅಜ್ಜ ಅದರಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಾರೆ ಅಂದರೆ ಅವರಿಗೆ ಉತ್ಸವದ ದಿನವೇ ಪ್ರತಿ ಸಿಕ್ಕಿದೆ. ಭಾಗ್ಯವಂತರು, ಇಲ್ಲವಾದರೆ ಸಮಿತಿಯಲ್ಲಿದ್ದವರು.

ಪಡುಕೋಣೆ ಪಾಂಡಿತ್ಯ
ಪುಟ 23ರ "ಯಕ್ಷಗಾನದ ನಾಳೆ" ಲೇಖನದ ಫೋಟೋ ನೋಡಿದೆ. ಲೇಖಕರ ಹೆಸರು ಗೆದ್ದಲು ತಿಂದಿದೆ ಅಂದಿರಿ. ಇದು ಕಾರಂತರದ್ದೇ. ಆ ಕಾಲದಲ್ಲಿ ಯಕ್ಷಗಾನದ ಬಗ್ಗೆ ಇಷ್ಟು ಗಟ್ಟಿಯಾಗಿ ಬರೆಯುವವರು ಬೇರೆ ಯಾರು?

ಚೌಕಿ ಬಾಗಿಲು
ಅಲ್ಲ ಸಾರ್. ಲೇಖನ ಓದಿದರೇ ಗೊತ್ತಾಗುತ್ತದೆ. ಈ ಬರಹಗಾರರು ಅರ್ಥಗಾರಿಕೆಯನ್ನು ಹೊಗಳುತ್ತಾರೆ, ಮಾತೇ ಆಟದ ಜೀವ ಎನ್ನುತ್ತಾರೆ. ಕಾರಂತರು ಮಾತನ್ನು ಕಡಿಮೆ ಮಾಡಿ ಕುಣಿತ, ಹಾಡು, ವೇಷಕ್ಕೆ ಹೆಚ್ಚು ಜಾಗ ಕೊಟ್ಟವರು. ತಮ್ಮ ಪ್ರಯೋಗಗಳಿಗೆ ಪಿಟೀಲು, ಸ್ಯಾಕ್ಸೊಫೋನ್ ತಂದವರು. ಅದಕ್ಕೆ ಬೈಸಿಕೊಂಡವರೂ ಹೌದು. ಈ ಲೇಖನದ ಎರಡನೇ ಪುಟದಲ್ಲಿ "ಕೆಲವರು ಪಿಟೀಲು ಹಿಡಿದು ಬಯಲಾಟವನ್ನು ಉದ್ಧಾರ ಮಾಡಲು ಹೊರಟಿದ್ದಾರೆ" ಎಂದು ಒಂದು ಚುಚ್ಚು ಉಂಟು. ತನ್ನನ್ನೇ ತಾನು ಚುಚ್ಚಿಕೊಳ್ಳುವಷ್ಟು ತಮಾಷೆಯ ಮನುಷ್ಯ ಅವರು ಅಂತ ನನಗೆ ಅನ್ನಿಸುವುದಿಲ್ಲ.

ಇದು ತೆಂಕುತಿಟ್ಟಿನ (ತೆಂಕಣ ಶೈಲಿಯ) ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಆಟದಲ್ಲಿ, ಪಳಗಿದ ಯಾರೋ ಬರೆದದ್ದು. "ಪೀಠಿಕೆ" "ಸಂವಾದ" ಎಂಬ ಮಾತುಗಳನ್ನು ಬಳಸಿದ ರೀತಿ ನೋಡಿ.

ಪಡುಕೋಣೆ ಪಾಂಡಿತ್ಯ
ಪಿಟೀಲಿನ ಸಾಲು ನೋಡಿರಲಿಲ್ಲ. ಸೋತೆ.

ಹಳೇ ಕಾಗದ ಕೊಳ್ಳುವವ
ನಮಸ್ಕಾರ. ಕವರ್ ಇಲ್ಲದ ಸ್ಮರಣ ಸಂಚಿಕೆಗೆ ಮಾರ್ಕೆಟ್ಟಿನಲ್ಲಿ ಬೆಲೆ ಇಲ್ಲ, ಹೇಳಿಬಿಡುತ್ತೇನೆ. ಆದರೆ ಜಾಹೀರಾತು ಪುಟಗಳಿಗೆ ಉಂಟು. ಹಂಚು, ಬೀಡಿ, ಬ್ಯಾಂಕು, ಬಸ್ಸು. ಹೋಟೆಲಿನವರು ಫ್ರೇಮ್ ಹಾಕಿ ಗೋಡೆಗೆ ತೂಗುತ್ತಾರೆ. ಪುಟಕ್ಕೆ ಇಷ್ಟು ಅಂತ ಕೊಡುತ್ತೇನೆ. ಲೇಖನದ ಪುಟ ನೀವೇ ಇಟ್ಟುಕೊಳ್ಳಿ.

ರಥಬೀದಿ ಹುಡುಗಿ
ಕತ್ತರಿಸುವುದಾ? ಈಗಷ್ಟೇ ಆ ಜಾಹೀರಾತುಗಳಿಂದ ಅಲ್ವಾ ಇಸವಿ ಸಿಕ್ಕಿದ್ದು!

ಹಳೇ ಕಾಗದ ಕೊಳ್ಳುವವ
ಅಕ್ಕ, ನಾನು ಕೊಳ್ಳದಿದ್ದರೆ ಗುಜರಿಗೆ ಹೋಗುತ್ತದೆ. ಹತ್ತು ಮನೆಯಲ್ಲಿ ಒಂಬತ್ತು ಮನೆಯ ಕಥೆ ಅದು. ನಾನು ನೋಡಿದ್ದು ಹೇಳಿದೆ.

ನಿರ್ವಾಹಕ
ವ್ಯಾಪಾರದ ಮಾತು ಬೇರೆ ಕಡೆ ಇಟ್ಟುಕೊಳ್ಳಿ. ಆದರೆ ಅವರು ಹೇಳಿದ ಗುಜರಿ ಮಾತು ಸುಳ್ಳಲ್ಲ.

ಒಮ್ಮೆ ಸುಟ್ಟುಕೊಂಡವ
ದಾನ ಕೊಡುವ ಯೋಚನೆ ಇದ್ದರೆ ಒಂದು ಮಾತು. ನಮ್ಮ ಮನೆಯಲ್ಲಿದ್ದ ಎಂಟು ಸಂಚಿಕೆಗಳನ್ನು ಒಂದು ಸಂಸ್ಥೆಗೆ ಕೊಟ್ಟೆ. ಹೆಸರು ಬೇಡ. ಶಾಲು ಹೊದೆಸಿ ಫೋಟೋ ತೆಗೆದರು. ನಾಲ್ಕು ವರ್ಷ ಬಿಟ್ಟು ಒಂದು ಲೇಖನ ನೋಡಲು ಹೋದೆ. "ಅಂಥದ್ದು ಇಲ್ಲಿ ಬಂದೇ ಇಲ್ಲ" ಎಂದರು. ನನ್ನ ಹತ್ತಿರ ಇದ್ದದ್ದು ಶಾಲು ಮಾತ್ರ. ಕೊಡುವ ಮೊದಲು ಎಲ್ಲ ಪುಟ ಸ್ಕ್ಯಾನ್ ಮಾಡಿ. ಪಟ್ಟಿ ಮಾಡಿ ರಶೀದಿ ತೆಗೆದುಕೊಳ್ಳಿ.

ಗ್ರಂಥಾಲಯದ ಅಕ್ಕ
ಸ್ಕ್ಯಾನಿಗಿಂತ ಮೊದಲು ಪುಸ್ತಕ ಉಳಿಯಬೇಕಲ್ಲ. ಅಟ್ಟದ ಇಲಿಯವರೇ, ದಯವಿಟ್ಟು ಅದನ್ನು ಬಿಸಿಲಿಗೆ ಇಡಬೇಡಿ. ನಮ್ಮ ಕಡೆ ಎಲ್ಲರೂ ಹಪ್ಪಳದ ಹಾಗೆ ಅಂಗಳದಲ್ಲಿ ಒಣಗಿಸುತ್ತಾರೆ. ಕಾಗದ ಹಳದಿಯಾಗಿ ಪುಡಿಯಾಗುತ್ತದೆ.

ಗೆದ್ದಲು, ಬೆಳ್ಳಿಹುಳ ಒಳಗೆ ಇದ್ದರೆ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಪೂರ್ತಿ ಚೀಲ ಬಿಚ್ಚಬೇಡಿ, ಇಲ್ಲವಾದರೆ ಬೆವರು ಕಾಗದಕ್ಕೆ ಇಳಿಯುತ್ತದೆ. ಮೀನಿನ ಪಕ್ಕ ಇಡಬೇಡಿ ಅಂತ ಬೇರೆ ಹೇಳಬೇಕಾ.

ತುಕ್ಕಿನ ಪಿನ್ ಎಳೆಯಬೇಡಿ. ಪುಸ್ತಕ ಮಗುಚಿ, ಪಿನ್ನಿನ ಮಡಚಿದ ಕಾಲುಗಳ ಕೆಳಗೆ ಚಪ್ಪಟೆ ಚೂರಿ ತೂರಿಸಿ ಮೆಲ್ಲಗೆ ಎಬ್ಬಿಸಿ. ಕಾಲು ನೆಟ್ಟಗಾದ ಮೇಲೆ ಆ ಬದಿಯಿಂದ ತೆಗೆಯಿರಿ. ಅದೇ ತೂತಿನಲ್ಲಿ ಹತ್ತಿ ನೂಲು ಹೊಲಿದರೆ ಸಾಕು. ಸೆಲೋಟೇಪು ಹಚ್ಚಿದರೆ ಹತ್ತು ವರ್ಷದಲ್ಲಿ ಅದರ ಅಂಟು ಪುಟವನ್ನೇ ತಿನ್ನುತ್ತದೆ. ಲ್ಯಾಮಿನೇಶನ್ ಮಾಡಿಸಿದರೆ ಮತ್ತೆ ಬಿಡಿಸಲಾಗುವುದಿಲ್ಲ. ಆಮೇಲೆ ಗಂಜಿ ಹಾಕದ ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ ಕಬ್ಬಿಣದ ಕಪಾಟಿನಲ್ಲಿ ಇಡಿ. ಕಪಾಟು ಗೋಡೆಗೆ ತಾಗಬಾರದು. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಗೋಡೆಗಳೇ ಬೆವರುತ್ತವೆ.

ಪೆನ್ಸಿಲ್ ಬರಹಕ್ಕೆ ಒಂದು ಉಪಾಯ. ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಮೇಲಿನಿಂದ ಹಿಡಿಯದೆ ಪುಟದ ಬದಿಯಿಂದ ಓರೆಯಾಗಿ ಹಿಡಿಯಿರಿ. ಸೀಸ ಒ‌ತ್ತಿದ ಗೆರೆ ಎದ್ದು ಕಾಣುತ್ತದೆ. ಯಾವುದನ್ನೂ ಉಜ್ಜಬೇಡಿ.

ಅಂತರ್ಜಾಲಕ್ಕೆ ಹಾಕುವಾಗ ಲೇಖನಗಳ ಹಕ್ಕು ಒಂದು ನೆನಪಿರಲಿ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಅದು ಮನೆಯವರದ್ದು. ಗೆದ್ದಲು ಹೆಸರು ತಿಂದರೂ ಹಕ್ಕು ತಿನ್ನುವುದಿಲ್ಲ.

ಅಟ್ಟದ ಇಲಿ
ಟಾರ್ಚು ಓರೆ ಹಿಡಿದೆ. ರಾತ್ರಿ ಎರಡು ಗಂಟೆ ತನಕ ಕೂತಿದ್ದೆ. ಜೋಡಾಟದ ಸಾಲಿನ ಪಕ್ಕ ಅಜ್ಜ ಬರೆದದ್ದು ಇದು, ಇದ್ದ ಹಾಗೇ ಹಾಕುತ್ತಿದ್ದೇನೆ:

"11-40 ಎರಡೂ ಕಡೆ ಒಡ್ಡೋಲಗ. ಬಲದವರ ಚೆಂಡೆ ಜೋರು, ಎಡದ ಭಾಗವತರ ಪದ ಕೇಳಲಿಲ್ಲ. 1-50 ಎಡ ರಂಗಸ್ಥಳದ ಹೊಸ ಹುಡುಗನ ಕುಣಿತ. ಜನ ಎಡಕ್ಕೆ ವಾಲಿತು. 2-30 ಬಲದ ಗ್ಯಾಸ್‌ಲೈಟ್ ಕೆಟ್ಟಿತು, ಬೇಕೆಂದೇ ಕೆಡಿಸಿದರೆಂದು ಗುಲ್ಲು. ಚಾ 20 ಪೈ. 4-00 ನಿದ್ದೆ."

ಚೌಕಿ ಬಾಗಿಲು
ಮೈ ಜುಮ್ ಅಂತು. ಜೋಡಾಟ ನೋಡದವರಿಗೆ: ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ, ಒಂದೇ ಹೊತ್ತು. ಈ ಕಡೆ ಅರ್ಜುನ ಬಂದರೆ ಆ ಕಡೆಯೂ ಅರ್ಜುನ ಬರಬೇಕು. ಗೆದ್ದವರು ಯಾರು ಎಂದು ತೀರ್ಪು ಕೊಡುವವರಿಲ್ಲ. ಜನ ಎತ್ತ ವಾಲುತ್ತಾರೆ ಅದೇ ತೀರ್ಪು. ನಿಮ್ಮ ಅಜ್ಜ ಅದನ್ನು ಗಂಟೆ ಸಮೇತ ಬರೆದಿಟ್ಟಿದ್ದಾರೆ. ಗೋಷ್ಠಿಯ ಲೇಖನ ಹತ್ತು ಸಿಗಬಹುದು, ಇಂಥದ್ದು ಸಿಗುವುದಿಲ್ಲ. "4-00 ನಿದ್ದೆ" ಎಂಬುದು ಪ್ರಾಮಾಣಿಕ ವಿಮರ್ಶೆ.

ಅಟ್ಟದ ಇಲಿ
ಇನ್ನೊಂದು ಉಂಟು. ಅದನ್ನು ಹಾಕುವುದೋ ಬೇಡವೋ ಎಂದು ಎರಡು ದಿನ ಯೋಚನೆ ಮಾಡಿದೆ.

ಸಮಿತಿಯವರ ಫೋಟೋ ಎಣಿಸಿದೆ, 34. ಒಬ್ಬೊಬ್ಬರಿಗೂ ಹೆಸರು, ಹುದ್ದೆ. ಮೇಳದ ಕಲಾವಿದರ ಹೆಸರುಗಳು ಪಟ್ಟಿಯಲ್ಲಿವೆ. ತಾಳಮದ್ದಳೆಯ ಅರ್ಥಧಾರಿಗಳದ್ದೂ ಉಂಟು. ಸಂಜೆ 6 ಗಂಟೆಯ ಸಾಲಿನಲ್ಲಿ ಮಾತ್ರ "ಕೊರಗರ ಡೋಲು, ಕೊಳಲು", ಅಷ್ಟೇ. ಬಾರಿಸಿದವರು ಯಾರು ಎಂದಿಲ್ಲ.

ಅಜ್ಜ ಆ ಸಾಲಿನ ಪಕ್ಕ ಮೂರು ಹೆಸರು ಬರೆದಿದ್ದಾರೆ. ಒಂದು ಊರಿನ ಹೆಸರೂ ಉಂಟು. ಕೆಳಗೆ: "ಎರಡನೆಯವನು ಎಡಗೈ. ಡೋಲು ಕೊರಳಿನಲ್ಲಿ ಆ ಕಡೆ ತಿರುಗಿಸಿ ಹಾಕುತ್ತಾನೆ. ಅರ್ಧ ಗಂಟೆ ಎಂದರು, 15 ನಿಮಿಷಕ್ಕೆ ಇಳಿಸಿದರು."

ಹೆಸರುಗಳನ್ನು ಇಲ್ಲಿ ಹಾಕುವುದಿಲ್ಲ. ಮೊದಲು ಮನೆಯವರನ್ನು ಹುಡುಕಿ ಕೇಳಬೇಕು ಎಂದುಕೊಂಡಿದ್ದೇನೆ.

ಬಿಳಲು ಬುಟ್ಟಿ
ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನಾನು ಕೊರಗ ಸಮುದಾಯದವನು.

ನಮ್ಮ ಹಿರಿಯರು ಡೋಲು ಬಾರಿಸಿದ್ದು ವೇದಿಕೆಯಲ್ಲಿ ಅಲ್ಲ. ಕಂಬಳದ ಹಿಂದಿನ ರಾತ್ರಿ ಗದ್ದೆ ಬದಿಯ ಮಂಜಿನಲ್ಲಿ ಬೆಳಗಿನ ತನಕ ಬಾರಿಸುತ್ತ ಕೂರಬೇಕಿತ್ತು. ತುಳುವಿನಲ್ಲಿ ಪನಿ ಕುಲ್ಲುನಿ ಎನ್ನುತ್ತಾರೆ. ಅದು ಕಲೆ ಅಂತ ಯಾರೂ ಅನ್ನಲಿಲ್ಲ, ನಮ್ಮ ಮೇಲೆ ಹೊರಿಸಿದ ಚಾಕರಿ ಅದು. ಅಂಥ ಚಾಕರಿಯ ಪದ್ಧತಿಗೆ ಅಜಲು ಎನ್ನುತ್ತಾರೆ, ಅದರ ನಿಷೇಧದ ಕಾಯ್ದೆ ಬಂದದ್ದು 2000ದಲ್ಲಿ. ಹಾಗಾಗಿ 74ರಲ್ಲಿ ಕಾರ್ಯಕ್ರಮದ ಪಟ್ಟಿಯಲ್ಲಿ ಒಂದು ಸಾಲು ಸಿಕ್ಕಿದ್ದು ಚಿಕ್ಕ ಸಂಗತಿ ಅಲ್ಲ. ಹೆಸರು ಬಿಟ್ಟದ್ದೂ ಚಿಕ್ಕ ಸಂಗತಿ ಅಲ್ಲ. ಎರಡನ್ನೂ ಒಟ್ಟಿಗೆ ಹೇಳಬೇಕು.

ಊರಿನ ಹೆಸರನ್ನು ನನಗೆ ಖಾಸಗಿಯಾಗಿ ಕಳಿಸಿ. ನನ್ನ ಅಮ್ಮನ ಸಂಬಂಧಿಕರು ಆ ಕಡೆ ಇದ್ದಾರೆ.

ಅಟ್ಟದ ಇಲಿ
ಕಳಿಸಿದ್ದೇನೆ ಅಣ್ಣ.

ಪಡುಕೋಣೆ ಪಾಂಡಿತ್ಯ
15 ನಿಮಿಷಕ್ಕೆ ಇಳಿಸಿದ್ದು ಯಾಕೆ ಗೊತ್ತಾ? ಹಿಂದಿನ ಗೋಷ್ಠಿ ಎಳೆದಿರುತ್ತದೆ. ನನ್ನಂಥವರು ಮಾತಾಡಿರುತ್ತಾರೆ.

ಅಟ್ಟದ ಇಲಿ
ಹನ್ನೆರಡು ದಿನದ ಮೇಲೆ ಬರೆಯುತ್ತಿದ್ದೇನೆ. ಪುಸ್ತಕ ಇನ್ನೂ ಫ್ರೀಜರಿನಲ್ಲಿ ಉಂಟು. ಹಾಕುವ ಮೊದಲೇ ಎಲ್ಲ ಪುಟದ ಫೋಟೋ ತೆಗೆದುಕೊಂಡಿದ್ದೆ. ಆ ಮೂರು ಪುಟದ ಪ್ರಿಂಟು ಹಿಡಿದು ರವಿವಾರ ಬಿಳಲು ಬುಟ್ಟಿ ಅಣ್ಣನ ಜೊತೆ ಹೋಗಿ ಬಂದೆ.

ಎರಡನೇ ಹೆಸರಿನವರ ಮಗ ಸಿಕ್ಕಿದರು. ಎಪ್ಪತ್ತು ದಾಟಿದವರು. ಜಗಲಿಯಲ್ಲಿ ಬುಟ್ಟಿಯ ಬುಡ ಹೆಣೆಯುತ್ತಿದ್ದರು. ನಾನು ಹೆಸರು ಓದಿದೆ. ಆ ಹೆಸರಿನವರು ಊರಲ್ಲಿ ಇಬ್ಬರು ಮೂವರು ಇದ್ದರು ಎಂದು ಕೈಯ ಕೆಲಸ ನಿಲ್ಲಿಸಲಿಲ್ಲ. ಎಡಗೈ ಎಂಬ ಸಾಲು ಓದಿದ ಮೇಲೆ ಬಿಳಲು ಕೆಳಗಿಟ್ಟರು. "ಹೌದು, ನಮ್ಮ ಅಪ್ಪ ಎಡಚ. ಊಟಕ್ಕೆ ಕೂತಾಗ ಪಕ್ಕದವರಿಗೆ ಮೊಣಕೈ ತಾಗುತ್ತಿತ್ತು" ಎಂದರು.

ಹೆಸರು ಹಾಕಬಹುದಾ ಎಂದು ಕೇಳಿದೆ. ತಂಗಿಯ ಹತ್ತಿರವೂ ಒಂದು ಮಾತು ಕೇಳಿ ಹೇಳುತ್ತೇನೆ ಎಂದರು. ಪ್ರಿಂಟನ್ನು ಅವರ ಹತ್ತಿರವೇ ಬಿಟ್ಟು ಬಂದೆ. ಹೊರಡುವಾಗ "ಅಪ್ಪನ ಪಟ ಉಂಟಾ ಇದರಲ್ಲಿ?" ಎಂದು ಕೇಳಿದರು. ಅವರ ಮನೆಯಲ್ಲಿ ಒಂದೂ ಇಲ್ಲವಂತೆ. ಇಲ್ಲ ಎಂದೆ.

ಮೊಳೆ ಜೋಡಿಸಿದವ
ಪುಸ್ತಕದಲ್ಲಿ ಇರಲಿಕ್ಕಿಲ್ಲ. ಫೋಟೋ ಬ್ಲಾಕಿಗೆ ದುಡ್ಡು ಕೊಟ್ಟವರ ಮುಖ ಮಾತ್ರ ಅಚ್ಚಾಗುತ್ತಿತ್ತು. ಆದರೆ ತೆಗೆದ ಫೋಟೋ ಎಲ್ಲ ಬ್ಲಾಕ್ ಆಗುತ್ತಿರಲಿಲ್ಲ, ಗೊತ್ತಲ್ಲ? ಜಾಹೀರಾತುಗಳನ್ನು ಇನ್ನೊಮ್ಮೆ ನೋಡಿ. ಸ್ಟುಡಿಯೋದವರದ್ದು ಒಂದು ಇರಲೇಬೇಕು. ಅವರು ದುಡ್ಡಿಗೆ ಬದಲು ಫೋಟೋ ತೆಗೆದುಕೊಟ್ಟು ಅರ್ಧ ಪುಟ ತೆಗೆದುಕೊಳ್ಳುತ್ತಿದ್ದರು.

ಅಟ್ಟದ ಇಲಿ
ಪುಟ 61, ಕೆಳಗಿನ ಅರ್ಧ! "ಉತ್ಸವದ ಎಲ್ಲಾ ಭಾವಚಿತ್ರಗಳು ನಮ್ಮಲ್ಲಿ ದೊರೆಯುತ್ತವೆ." ಉಡುಪಿಯದ್ದೇ. ಬೀದಿಯ ಹೆಸರು ಉಂಟು.

ರಥಬೀದಿ ಹುಡುಗಿ
ಆ ಬೀದಿಯಲ್ಲಿ ಈಗ ಸ್ಟುಡಿಯೋ ಇಲ್ಲ. ಅದೇ ಕಟ್ಟಡದ ಕೆಳಗೆ ಮೊಬೈಲ್ ಅಂಗಡಿ ಉಂಟು, ಮೇಲೆ ಮನೆ. ಮನೆಯವರು ಹಳಬರೇ. ನಮ್ಮಮ್ಮನಿಗೆ ಗುರುತಿದೆ. ಶನಿವಾರ ಸಂಜೆ ನಾಲ್ಕಕ್ಕೆ ಬರ್ತೀರಾ?

ಅಟ್ಟದ ಇಲಿ
ಮೂರೂವರೆಗೇ ಬಂದಿರ್ತೇನೆ.